ಶೀಲ್ಡ್ ಇಳಸ್ರಿ

"ಗಂಡಸಾದ್ರ ಶೀಲ್ಡ್ ಇಳಸ್ರಿ!" ಎಂದು ದಾನೇಶ್ವರಿ ಕೂಗಿದ್ದು ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ಅರ್ಧ ಸಾಲಿಗೆ ಕೇಳಿಸಿತು. ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದ ಗಂಡ ಚೇತನಕುಮಾರ ತಿರುಗಿಯೂ ನೋಡಲಿಲ್ಲ. ಟಿವಿಯ ವಿಡಿಯೋ ಗೇಮಿನೊಳಗೆ ಅವನ ದಢೂತಿ ಪೈಲ್ವಾನ ಗಾಳಿಯಲ್ಲಿ ತೇಲುವ ಕಟ್ಟೆಯ ಮೇಲೆ ನೀಲಿ ಗುಳ್ಳೆಯೊಂದನ್ನು ಹೊದ್ದು ನಿಂತಿದ್ದ. ಅದೇ ಶೀಲ್ಡ್. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಒಳಗಿದ್ದವನಿಗೆ ಏಟು ತಗಲುವುದಿಲ್ಲ. ಆದರೆ ಏಟು ಬಿದ್ದಂತೆಲ್ಲ ಗುಳ್ಳೆ ಸಣ್ಣದಾಗುತ್ತದೆ. ಇಬ್ಬರಿಗೂ ಉಳಿದದ್ದು ಕಡೆಯ ಜೀವ. ಕಟ್ಟೆಯಿಂದ ಕೆಳಗೆ ಬಿದ್ದವರು ಸೋತಂತೆ.

"ಶೀಲ್ಡ್ ಹಿಡಿಯೋದೂ ಆಟಾನೇ," ಎಂದ ಚೇತನಕುಮಾರ.

ಅವಳ ಸಿಟ್ಟು ಆಟದ್ದಷ್ಟೇ ಆಗಿರಲಿಲ್ಲ. ಸುರಪುರದಲ್ಲಿ ಬಿ.ಎಡ್ ಸೀಟು ಸಿಕ್ಕಿತ್ತು, ಸೇರಲು ನಾಳೆಯೇ ಕಡೆಯ ದಿನ. ಮದುವೆಯಾದಾಗಿನಿಂದ ಕಾಲೇಜಿನ ಮಾತೆತ್ತಿದಾಗಲೆಲ್ಲ ಅವನದು ಒಂದೇ ಉತ್ತರ: "ನಂದೇನಿಲ್ಲ, ಅಪ್ಪ ಬ್ಯಾಡ ಅಂತಾರ." ಅಪ್ಪನೆಂದರೆ ಶಹಾಪುರದ ಬೀಜ-ಗೊಬ್ಬರದ ಅಂಗಡಿ ಜಗದೇವಪ್ಪ. ಆತ ಕೆಮ್ಮಿದರೆ ಅಂಗಡಿಯ ಇಲಿಗಳು ಬಿಲ ಬದಲಿಸುತ್ತವೆ ಎನ್ನುವಂಥ ಗಂಟಲು. ನೇರ ಕೇಳುವ ಧೈರ್ಯ ದಾನೇಶ್ವರಿಗೂ ಬಂದಿರಲಿಲ್ಲ. ಅದಕ್ಕೇ ಇವತ್ತು ಪಂಥ ಕಟ್ಟಿದ್ದಳು. ತಾನು ಗೆದ್ದರೆ ಅವನು ಈಗಿಂದೀಗಲೇ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಬೇಕು. ಸೋತರೆ ಕಾಲೇಜಿನ ಮಾತು ಅಲ್ಲಿಗೇ ಬಂದ್. ಯಾವತ್ತೂ ಸೋತಿಲ್ಲದ ಚೇತನಕುಮಾರ ಖುಷಿಯಿಂದಲೇ ಒಪ್ಪಿದ್ದ.

ಮೈಮೇಲೆ ನುಗ್ಗಿ ದಬದಬ ಗುದ್ದುವುದೇ ಇಷ್ಟು ದಿನ ಅವಳ ಆಟ. ಗುದ್ದಿ ಕೈ ಹಿಂದೆಳೆಯುವಷ್ಟರಲ್ಲಿ ಅವನು ಗುಳ್ಳೆಯೊಳಗಿಂದಲೇ ಹಿಡಿದು ಒಗೆಯುತ್ತಿದ್ದ. ಇವತ್ತು ದೂರ ನಿಂತಳು. ಕಾಲಿನ ತುದಿಯಷ್ಟೇ ತಾಗುವಂತೆ ಒದ್ದು ಸರಿದಳು. ಅವನ ಕೈ ಬರೀ ಗಾಳಿಯನ್ನು ಹಿಡಿಯಿತು. ಮೇಲಿನಿಂದ ಗುದ್ದಿ ಅವನ ಬೆನ್ನ ಹಿಂದೆ ಇಳಿದಳು. ಇನ್ನೊಮ್ಮೆ ಹೊಡೆಯುವಂತೆ ಹಾರಿ, ಹೊಡೆಯಲೇ ಇಲ್ಲ.

"ಏ, ಹೊಡೀತಿಯೋ ಇಲ್ಲೋ?"

"ಹೊಡೀತೀನಿ. ಅವಸರ ಏನದ? ಕುಂಡ್ರಿ ಒಳಗ."

ಕುಂಬಳಕಾಯಿಯಷ್ಟಿದ್ದ ಗುಳ್ಳೆ ತೆಂಗಿನಕಾಯಿಯಷ್ಟಾಯಿತು. ಪೈಲ್ವಾನನ ಹೊಟ್ಟೆ, ಕುಂಡಿ ಎರಡೂ ಹೊರಗೆ ಇಣುಕಿದವು. ಚೇತನಕುಮಾರನಿಗೆ ಬಟನ್ ಬಿಟ್ಟರೂ ಭಯ, ಹಿಡಿದರೂ ಭಯ.

"ದಾನಿ, ಚಾ ಮಾಡ್ತಿ ಏನು?"

"ಸತ್ತು ಕುಡೀರಿ."

ಇನ್ನೊಂದು ಒದೆ. ಗುಳ್ಳೆ ಟಪ್ಪನೆ ಒಡೆಯಿತು. ಪೈಲ್ವಾನ ತಲೆ ಸುತ್ತ ಚುಕ್ಕಿ ತಿರುಗಿಸಿಕೊಂಡು ಕುಡುಕನಂತೆ ತೂರಾಡಿದ. ದಾನೇಶ್ವರಿ ಸಾವಕಾಶ ಹತ್ತಿರ ಹೋಗಿ, ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ತುಂಬಿ ಒದ್ದಳು. ಅವನು ಕಟ್ಟೆ ದಾಟಿ, ಪರದೆಯನ್ನೂ ದಾಟಿ ಹೋದ.

"ಹಚ್ಚರಿ ಫೋನ್."

"ಅಪ್ಪ ಮಲಗಿರ್ತಾರ ಈಗ..."

"ಹಚ್ಚರಿ ಅಂದ್ರ ಹಚ್ಚರಿ."

ಎರಡೇ ರಿಂಗಿಗೆ ಆ ಗಂಟಲು ಬಂತು. "ಏನೋ?" ಚೇತನಕುಮಾರ ತೊದಲುತ್ತ ಕೇಳಿದ. ದಾನೇಶ್ವರಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು.

"ಹೋಗ್ಲೇಳು. ಬ್ಯಾಡ ಅಂದವರ್ಯಾರು?"

"ಅಲ್ಲ... ನೀವೇ..."

"ನಾನಾ? ಇವತ್ತೇ ಕೇಳಾಕತ್ತೀನಲ್ಲೋ ಈ ಮಾತು!"

ದಾನೇಶ್ವರಿ ನಿಧಾನವಾಗಿ ಗಂಡನತ್ತ ತಿರುಗಿದಳು. ಗಂಡ ಫ್ಯಾನಿನ ರೆಕ್ಕೆಗಳನ್ನು ಆಗಷ್ಟೇ ಕಂಡವನಂತೆ ನೋಡುತ್ತಿದ್ದ.

"ಅಲ್ಲೇ ಅದಿ ಏನವ್ವ, ದಾನಮ್ಮ?" ಎಂದಿತು ಫೋನು.

"ಅದೀನ್ರಿ, ಮಾವಾರ."

"ಸಣ್ಣಾಂವ ಇದ್ದಾಗಿಂದ ಇವಂದು ಹಿಂಗೇ ನೋಡು. ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡು, ನಾಯಿ ಹೊಯ್ತು ಅಂತಿದ್ದ."

ಅವಳಿಗೆ ನಗು ತಡೆಯಲಾಗಲಿಲ್ಲ. "ಯಾವ ನಾಯಿರಿ, ಮಾವಾರ?"

"ನಮ್ಮ ಮನ್ಯಾಗ ನಾಯಿ ಎಲ್ಲಿತ್ತವ್ವ!"