ಏಳನೇ ಹಾಡು ಮುಗಿದ ಮೇಲೆ

ನಲವತ್ತು ವರ್ಷ ಹಳೆಯ ಆ ರಾಕ್ ಬ್ಯಾಂಡ್ ಹಿಂದಿನ ವಾರ ಹುಬ್ಬಳ್ಳಿಯಲ್ಲಿ ಯಾವ ಹಾಡಾದ ಮೇಲೆ ಯಾವ ಹಾಡು ಹಾಡಿತೆಂಬ ಪಟ್ಟಿ ಫಣೀಂದ್ರನ ಮೊಬೈಲಿನಲ್ಲಿತ್ತು. ಮೈಸೂರಿನ ಮೈದಾನದಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲೇ ಅವನು ಕಾಲೇಜು ಕಾಲದ ಗೆಳೆಯ ಚಿದಂಬರನೊಡನೆ ಜಗಳಕ್ಕೆ ಬಿದ್ದ.

“ಏಳನೇ ಹಾಡಾದ್ಮೇಲೆ ಹತ್ತು ನಿಮಿಷ ಬರೀ ಡ್ರಮ್ಸ್ ಅಂತೆ ಕಣೋ! ಅಷ್ಟು ಹೊತ್ತಲ್ಲಿ ನಮ್ಮ ಕಾಲದ ಎರಡು ಹಾಡು ಹಾಡಬಹುದಿತ್ತು.”

“ನಿಂಗೇನೋ ಗೊತ್ತು? ಅದೊಂದು ತಪಸ್ಸು. ಹಾಡಿನ ದುಃಖ ನಮ್ಮೊಳಗೆ ಇಳೀಲಿ ಅಂತ ಹಾಡೋನು ಬೇಕಂತ್ಲೇ ಕತ್ತಲಿಗೆ ಸರೀತಾನೆ.”

“ತಪಸ್ಸಂತೆ, ತಪಸ್ಸು! ಆ ಹಾಡೋನು ಎದುರಿಗೆ ಸಿಕ್ಕಲಿ, ಈ ಬಡಿತ ನಿಲ್ಸಯ್ಯಾ ಅಂತ ಮುಖಕ್ಕೇ ಹೇಳ್ತೀನಿ.”

ಏಳನೇ ಹಾಡಿನ ನಡುವೆಯೇ ಫಣೀಂದ್ರ ಎದ್ದ. ಸಕ್ಕರೆ ಕಾಯಿಲೆಯವನು, ಅಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಶೌಚಾಲಯಗಳ ಮುಂದೆ ಆಗಲೇ ಉದ್ದ ಸಾಲಿತ್ತು. ಅವನ ನರೆತ ತಲೆ ನೋಡಿ ಸೆಕ್ಯೂರಿಟಿಯವನಿಗೆ ಕರುಣೆ ಬಂತು. ವೇದಿಕೆಯ ಹಿಂದೆ ಇದ್ದ ಒಂದೇ ಒಂದು ಶೌಚಾಲಯಕ್ಕೆ ಬಿಟ್ಟ.

ಫಣೀಂದ್ರ ಚಿಲಕ ಹಾಕಿದನೋ ಇಲ್ಲವೋ, ಹೊರಗೆ ಡ್ರಮ್ಸ್ ಗುಡುಗತೊಡಗಿತು. ಅದರ ಬೆನ್ನಿಗೇ ಯಾರೋ ಬಾಗಿಲು ಬಡಿದರು. ಕಾಲೇಜಿನ ದಿನಗಳಿಂದ ಅವನು ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದ ಆ ಒರಟು ದನಿ ಅಂಗಲಾಚುತ್ತಿತ್ತು:

“ಒಳಗಿರೋರು ಸ್ವಲ್ಪ ಬೇಗ ಬನ್ನಿ ಸಾರ್, ಆ ಡ್ರಮ್ಸ್ ಇಟ್ಟಿರೋದೇ ನಾನು ಇಲ್ಲಿಗೆ ಬರೋದಕ್ಕೆ!”