ಅಜ್ಜನ ಸಮಾಧಿಯ ಮಗ್ಗುಲ ಕಂಬ

ಬಿಸಿಲಿಗೆ ಕಾದ ಡಾಂಬರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ಒಂದೆಡೆ ನಿಲ್ಲುವುದಿಲ್ಲ.

ನಾನಿನ್ನೂ ಹುಡುಗನಿದ್ದಾಗ ಹೊಳಲ್ಕೆರೆ ರಸ್ತೆಯವರೆಗೆ ಕರೆಂಟು ಬಂದಿತ್ತು. ದೂರದ ನಮ್ಮ ಹೊಲದ ಮನೆಗೂ ಎಳೆಯಲೆಂದು ಬುಡಕ್ಕೆ ಡಾಂಬರು ಬಳಿದ ಮರದ ಕಂಬಗಳನ್ನು ತಂದು ಹಾಕಿದ್ದರು. ಓವರ್ಸಿಯರು ಹಗ್ಗ ಹಿಡಿದು ನೋಡಿದರೆ ಕೊನೆಯ ಕಂಬದ ಗುರುತು ಅಜ್ಜನ ಸಮಾಧಿಗೆ ಒತ್ತಿಕೊಂಡೇ ಬಿತ್ತು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ.

"ಕುಂತೋರ ಮಗ್ಗುಲಿಗೆ ಗುಂಡಿ ತೋಡ್ತೀರೇನ್ರಿ? ಅವ್ರು ಹೂಂ ಅಂದ್ರೆ ತೋಡ್ರಿ," ಎಂದಳು ಅಜ್ಜಿ.

"ಸಂಜೆಯೊಳಗೆ ಒಪ್ಪದಿದ್ರೆ ಕಂಬ ಬೇರೆ ಊರಿಗೆ ಹೋಗುತ್ತೆ ಅಜ್ಜೀ," ಎಂದು ಓವರ್ಸಿಯರು ಮತ್ತೆ ಮತ್ತೆ ಗಡಿಯಾರ ನೋಡಿದರು.

ಅಪ್ಪ ಬದುವಿನ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದ. "ಅವ್ವಾ, ಊರೆಲ್ಲ ಬೆಳಕಾದ್ರೂ ನಾವು ಬುಡ್ಡಿ ದೀಪಕ್ಕೇ ಕುಂತ್ಕಳಾಣೇನು?"

ಊರವರನ್ನೆಲ್ಲ ಅಣಕಿಸುತ್ತಿದ್ದವನು ನಾನು. ಯಾರೂ ಸಿಗದ ದಿನ, ಒದೆ ತಿಂದು ಅಳುವ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಅವತ್ತು ತಡೆಯಲಾಗಲಿಲ್ಲ. ಸಮಾಧಿಯ ಹಿಂದೆ ಕುಕ್ಕರಿಸಿ, ಅಜ್ಜನಂತೆಯೇ ಕೆಮ್ಮಿ, ಗಂಟಲು ಗೊರಗುಟ್ಟಿಸಿ, ಅವನು ಅಜ್ಜಿಯನ್ನು ಕರೆಯುತ್ತಿದ್ದ ಹಾಗೇ ಕರೆದೆ.

"ಏ ಗೌರೀ, ತೋಡ್ಲಿ ಬಿಡೇ. ಒಳಗೆ ನಂಗೂ ಕತ್ಲೈತೆ."

ಹಾರೆ ಹಿಡಿದು ಕಾದಿದ್ದ ಆಳುಗಳು ಕಿಸಕ್ಕನೆ ನಕ್ಕರು. ಅಪ್ಪ ನನ್ನ ಮೇಲೆ ಕೈ ಎತ್ತಿದ. ಅಜ್ಜಿ ಆ ಕೈ ಹಿಡಿದು ನಿಲ್ಲಿಸಿದಳು.

"ತೋಡ್ರಿ," ಎಂದು ಓವರ್ಸಿಯರಿಗೆ ಹೇಳಿ, ನನ್ನ ಪಕ್ಕ ಬಂದು ಕುಳಿತಳು. "ಲೇ, ಇನ್ನೊಂದ್ಸಲ ಗೌರೀ ಅನ್ನು."

ಹಾರೆಯ ಸದ್ದು ಶುರುವಾಗಿತ್ತು. ಬಾಯಿ ತೆರೆದೆ. ನನ್ನದೇ ಎಳೆಯ ದನಿ ಬಂತು.

"ಹಂಗಲ್ಲಲೇ," ಎಂದಳು ಅಜ್ಜಿ, "ಅವ್ರಂಗೆ ಅನ್ನು."