ಹಸಿರು ನೀರು

ಅಡುಗೆಮನೆಯ ನಲ್ಲಿಯಿಂದ ನೀರು ಹಸಿರಾಗಿ ಬಂದು, ತೊಳೆಯಲು ಇಟ್ಟಿದ್ದ ಎಂಜಲು ತಟ್ಟೆಗಳ ಮೇಲೆ ಬಿತ್ತು. ಅವಳು ನಲ್ಲಿ ನಿಲ್ಲಿಸದೆ ಸುಮ್ಮನೆ ನೋಡುತ್ತ ನಿಂತಳು.

ಸುಣ್ಣಕಲ್ಲಿನ ಬೆಟ್ಟದಲ್ಲಿ ಗುಹೆಗಳ ಸರ್ವೆ ಮಾಡುವ ಮೈದುನ ಮೊನ್ನೆ ಹೇಳಿದ್ದ: "ಅತ್ತಿಗೆ, ಒಣ ಗುಹೆ, ಹೊಳೆ ಹರಿಯೋ ಗುಹೆ ಎಲ್ಲಾ ಮುಗೀತು. ಇನ್ನು ಉಳಿದಿರೋದು ಬಾವಿ ಥರ ನೇರ ಕೆಳಗಿಳಿಯೋ ಗುಹೆ ಒಂದೇ, ಅಣ್ಣ ಬಿದ್ದಿದ್ದು. ಅದರ ನೀರಿಗೆ ಹಸಿರು ಬಣ್ಣ ಹಾಕ್ತೀವಿ. ಎಲ್ಲಿ ಹೊರಗೆ ಬರುತ್ತೋ ನೋಡಬೇಕು."

ಗಂಡನ ಹೆಣ ಸಿಗದೆಯೇ ವರ್ಷ ಕಳೆದಿತ್ತು. ಆ ವರ್ಷವಿಡೀ ಮನೆಯ ಅಡುಗೆಯೆಲ್ಲ ಈ ನಲ್ಲಿಯ ನೀರಲ್ಲೇ ಬೆಂದಿತ್ತು.

"ನೀರು ಬಂತೇನಮ್ಮಾ?" ಹಜಾರದಿಂದ ಅತ್ತೆ ಕೇಳಿದರು.

"ಬಂತು ಅತ್ತೆ," ಎಂದಳು. ನಲ್ಲಿಯ ಕೆಳಗಿದ್ದ ಎಂಜಲು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು.